ನಾಲ್ಕು ಬೋಲ್ಟಿನ ಸೀಟು

ಗ್ಯಾರೇಜಿನ ಶಟರ್ ಕಿರುಗುಟ್ಟುತ್ತ ಮೇಲೇರಿತು. ಮೊದಲು ಕಂಡದ್ದು ತೆಳು ಅಟ್ಟೆಯ ಒಂದು ಜೊತೆ ಬೂಟು. ಆಮೇಲೆ ಗ್ರೀಸ್ ಮೆತ್ತಿದ ಪ್ಯಾಂಟು. ಆಮೇಲೆ ಹಳೆ ಬಟ್ಟೆಗೆ ಒರೆಸಿಕೊಳ್ಳುತ್ತಿದ್ದ ಎರಡು ಕೈ...

ಆ ಕೈ ನೋಡಿಯೇ ಹೆಸ್ಟರಳ ಎದೆ ಧಸಕ್ಕೆಂದಿತು. ಮುಖ ಕಾಣುವ ಮುಂಚೆಯೇ!

ರೋರಿ ನಿಂತಿದ್ದ. ಏಳು ವರ್ಷದಲ್ಲಿ ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು. ಅವಳನ್ನು ಕಂಡದ್ದೇ ತಡ, ಕೈಯಲ್ಲಿದ್ದ ಬಟ್ಟೆ ಜಾರಿ ಕೆಳಗೆ ಬಿತ್ತು.

"ನಾನೇ ಡೆಸ್ಮಂಡ್. ಫೋನ್ ಮಾಡಿದ್ದೆನಲ್ಲ," ಎಂದು ಅವಳ ಪಕ್ಕದಲ್ಲಿದ್ದ ಮುದುಕ ಕೈ ಚಾಚಿದ. "ಇವಳು ಹೆಸ್ಟರ್, ನಮ್ಮ ಪಕ್ಕದ ಮನೆಯವಳು. ಇಂಥ ಕಾರಿನ ವಿಷ್ಯ ಇವಳಿಗೆ ಸ್ವಲ್ಪ ಗೊತ್ತು. ಅದಕ್ಕೇ ಎಳ್ಕೊಂಡು ಬಂದೆ."

"ಬನ್ನಿ..." ರೋರಿ ಬಿದ್ದ ಬಟ್ಟೆ ಎತ್ತಿಕೊಂಡ. ಅವಳ ಕಡೆ ತಿರುಗಿ, ಕಣ್ಣು ಎತ್ತದೆ, "ನೀವೂ ಬನ್ನಿ" ಎಂದ.

ನೀವು! ಐದು ವರ್ಷ ಒಂದೇ ಸೂರಿನಡಿ ಬಾಳಿದವನ ಬಾಯಲ್ಲಿ ನೀವು! ಇದೇ ಗ್ಯಾರೇಜಿನಲ್ಲಿ, ಎರಡು ಚಳಿಗಾಲ, ಒಂದೇ ಮಗ್ಗಿನಲ್ಲಿ ಟೀ ಕುಡಿದು ಈ ಕಾರು ಕಟ್ಟಿದ್ದರು ಇಬ್ಬರೂ.

"ಥ್ಯಾಂಕ್ಸ್," ಎಂದಳು ಹೆಸ್ಟರ್, ಅಷ್ಟೇ ತಣ್ಣಗೆ. ಈ ದೇಶದ ಜನ ಎದೆಗೆ ಕತ್ತಿ ಚುಚ್ಚಿಸಿಕೊಂಡರೂ ಮೊದಲು ಥ್ಯಾಂಕ್ಸ್ ಹೇಳುವವರು. ಅವಳೇನು ಹೊರತೇ?

ಅವಳು ಬರಬಾರದಿತ್ತು. ಆದರೆ ಮೂರು ದಿನದ ಹಿಂದೆ ಡೆಸ್ಮಂಡ್ ಫೋನು ಹಿಡಿದು ಬೇಲಿಯ ಹತ್ತಿರ ಬಂದು ಜಾಹೀರಾತು ತೋರಿಸಿದ್ದ. ಲಿಂಕನ್ ಊರಿನ ಬಸ್ ಡಿಪೋದಲ್ಲಿ ನಲವತ್ತು ವರ್ಷ ಮೆಕ್ಯಾನಿಕ್ ಆಗಿದ್ದವನಿಗೆ ಎಪ್ಪತ್ತೊಂದನೇ ವಯಸ್ಸಿಗೆ ಸ್ಪೋರ್ಟ್ಸ್ ಕಾರಿನ ಹುಚ್ಚು ಹತ್ತಿತ್ತು. 'ಕೈಯಾರೆ ಕಟ್ಟಿದ ಸ್ಪೋರ್ಟ್ಸ್ ಕಾರು. ಬಹಳ ಮಾರ್ಪಾಡು ಮಾಡಿದ್ದು. ತುಂಬ ಹಗುರ. ಎರಡು ಸೀಟು. ಮನಸ್ಸಿಲ್ಲದ ಮಾರಾಟ.'

ಮನಸ್ಸಿಲ್ಲದ ಮಾರಾಟವಂತೆ! ಇಂಥ ಕಾರು ಮಾರುವವರೆಲ್ಲ ಇದನ್ನೇ ಬರೆಯುತ್ತಾರೆ. ಸೊಂಟ ಹಿಡಿದು ಒಳಗಿಳಿಯಲಾಗದವನೂ ಇದನ್ನೇ ಬರೆಯುತ್ತಾನೆ, ಹೆಂಡತಿಯ ಬೈಗುಳ ತಾಳಲಾರದವನೂ ಇದನ್ನೇ ಬರೆಯುತ್ತಾನೆ. ಅದನ್ನು ಓದಿ ಅವಳು ಮೂಗು ಮುರಿದಿದ್ದಳು.

ಆದರೆ ಫೋಟೋ... ಫೋಟೋದಲ್ಲಿ ಎರಡು ಸೀಟಿದ್ದವು.

ಅವಳ ಸೀಟನ್ನು ಅವನು ಏಳು ವರ್ಷದ ಹಿಂದೆಯೇ ಕಿತ್ತು ಹಾಕಿದ್ದ. ಹಾಗಾದರೆ ಇದು ಯಾರದು? ಅಲ್ಲಿ ಯಾರನ್ನು ಕೂರಿಸಿಕೊಂಡ?

ಆ ಒಂದು ಪ್ರಶ್ನೆ ಮೂರು ರಾತ್ರಿ ನಿದ್ದೆ ಕೆಡಿಸಿ, ಅವಳನ್ನು ಈ ಬೆಳಿಗ್ಗೆ ರೈಲು ಹತ್ತಿಸಿತ್ತು. ವಾಪಸ್ ಬರುವಾಗ ಕಾರಲ್ಲೇ ಬರುವುದೆಂದು ಡೆಸ್ಮಂಡ್ ಎರಡು ಹೆಲ್ಮೆಟ್ಟು ಬೇರೆ ಹೊತ್ತು ತಂದಿದ್ದ.

ಮುದುಕ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟ.

"ತಣ್ಣಗಿದೆ. ಭೇಷ್! ಗಿರಾಕಿ ಬರೋ ಮುಂಚೆ ಎಂಜಿನ್ ಬಿಸಿ ಮಾಡಿ ಸ್ಟಾರ್ಟಿಂಗ್ ತೊಂದ್ರೆ ಮುಚ್ಚಿಡೋನು ಕಳ್ಳ. ನೀನು ಕಳ್ಳ ಅಲ್ಲ."

"ಎಲ್ಲರಿಗೂ ಹಾಗನ್ಸಲ್ಲ," ಎಂದಳು ಹೆಸ್ಟರ್.

ರೋರಿ ತುಟಿ ಕಚ್ಚಿದ. ಡೆಸ್ಮಂಡ್ ಹ್ಯಾಂಡ್‌ಬ್ರೇಕ್ ನೋಡಿ ನಕ್ಕ. ಅದರ ಹಿಡಿಗೂ ಸಾಲು ಸಾಲು ತೂತು ಕೊರೆದಿತ್ತು.

"ಇದೇನಯ್ಯಾ, ಇಲಿ ಕಚ್ಚಿದೆಯಾ?"

"ಹದಿನೆಂಟು ಗ್ರಾಂ ತೂಕ ಇಳೀತು," ಎಂದ ರೋರಿ ಮೆಲ್ಲಗೆ.

ಹದಿನೆಂಟು ಗ್ರಾಂ! ಹೆಸ್ಟರಳಿಗೆ ಎಲ್ಲ ನೆನಪಾಯಿತು. ಟೋಸ್ಟಿಗೆ ಜಾಮ್ ಸವರುವ ಮುಂಚೆ ಅವನು ಅಡುಗೆಮನೆ ತಕ್ಕಡಿಯಲ್ಲಿ ನಟ್ಟು ತೂಗುತ್ತಿದ್ದ. ಹೀಟರ್ ಹೋಯಿತು, ಸ್ಟೆಪ್ನಿ ಹೋಯಿತು, ಮುಂದಿನ ಗಾಜೂ ಹೋಯಿತು. ಕಾರು ಹಗುರಾದಷ್ಟೂ ಗುಡ್ಡದ ರೇಸಿನಲ್ಲಿ ಬೇಗ ಮೇಲೆ ಹತ್ತುತ್ತದೆ ಎಂಬ ಹುಚ್ಚು. ಅವಳೂ ನಕ್ಕು ಅದಕ್ಕೆ ತಾಳ ಹಾಕಿದವಳೇ.

ಆಮೇಲೆ ಅಮ್ಮ ಆಸ್ಪತ್ರೆ ಸೇರಿದಳು. ಹನ್ನೊಂದು ದಿನ ಹೆಸ್ಟರ್ ಲಿಂಕನ್ನಿನಲ್ಲಿ ಅಮ್ಮನ ಹಾಸಿಗೆಯ ಪಕ್ಕವೇ ಇದ್ದಳು. ಗುರುವಾರ ಅಮ್ಮ ಹೋದಳು. ಶುಕ್ರವಾರ, ಅಮ್ಮನ ಕನ್ನಡಕ, ಚಪ್ಪಲಿ ತುಂಬಿದ ಚೀಲ ಹಿಡಿದು ಈ ಗ್ಯಾರೇಜಿಗೆ ಬಂದರೆ... ಅವಳ ಸೀಟು ಇರಲಿಲ್ಲ. ಆ ಜಾಗಕ್ಕೆ ಅಲ್ಯೂಮಿನಿಯಂ ತಗಡು ಮುಚ್ಚಿತ್ತು. ಅವನ ತೂಕದ ಪುಸ್ತಕ ತೆರೆದೇ ಇತ್ತು: 'ಹೆಸ್ಟರ್ ಸೀಟು, ನಾಲ್ಕು ಕಿಲೋ ಇನ್ನೂರು. ತೆಗೆದದ್ದು.'

"ನನ್ನ ಸೀಟೆಲ್ಲಿ?" ಎಂದು ಕೇಳಿದ್ದಳು.

"ತೂಕ ಕಣೇ! ಈಗ ಕಾರು ಹಾರುತ್ತೆ!" ಎಂದಿದ್ದ, ಖುಷಿಯಿಂದ.

ಅವಳು ಜಗಳವಾಡಲಿಲ್ಲ. ಶನಿವಾರ ಬೆಳಿಗ್ಗೆ ಮೇಜಿನ ಮೇಲೆ ಒಂದು ಚೀಟಿ ಇಟ್ಟು ಹೊರಟುಹೋದಳು. 'ನಿನ್ನ ಭಾರ ಇನ್ನೊಂದಿಷ್ಟು ಇಳಿಸಿದ್ದೇನೆ.'

"ಈ ಪಕ್ಕದ ಸೀಟಲ್ಲಿ ನಾನೊಂದ್ಸಲ ಕೂತು ನೋಡ್ಲಾ?" ಡೆಸ್ಮಂಡನ ಮಾತಿಗೆ ಅವಳು ಎಚ್ಚೆತ್ತಳು. ಅವನು ಕಾರಿನ ಅಂಚು ದಾಟಿ ಕಾಲಿಟ್ಟು ಕೂರಲು ಹೋದ. ಆಗಲಿಲ್ಲ. ಅರ್ಧಕ್ಕೇ ಸಿಕ್ಕಿಕೊಂಡ.

"ಅಯ್ಯೋ, ಎಳೀರಪ್ಪೋ! ಇದು ಯಾರ ಸೊಂಟಕ್ಕೆ ಮಾಡಿಸಿದ್ದಯ್ಯಾ?"

ರೋರಿ ಅವನ ಕಂಕುಳಿಗೆ ಕೈ ಕೊಟ್ಟು ಎತ್ತಿದ. "ಅದು... ಒಬ್ಬರದು," ಎಂದ.

ಒಬ್ಬರದು! ಬಟ್ಟೆ ಹೊದಿಸಿದ ಆ ಸೀಟಿನ ಗುರುತು ಹೆಸ್ಟರಳಿಗೆ ಹತ್ತಲಿಲ್ಲ. ಇಂಥ ಸೀಟು ಅಂಗಡಿಯಲ್ಲಿ ಸಿಗುವುದಲ್ಲ. ಚೀಲದಲ್ಲಿ ಎರಡು ದ್ರಾವಣ ಬೆರೆಸಿ, ಅದರ ಮೇಲೆ ಇಪ್ಪತ್ತು ನಿಮಿಷ ಅಲ್ಲಾಡದೆ ಕೂತರೆ, ನೊರೆ ಉಬ್ಬಿ ಕೂತವರ ಬೆನ್ನಿನಂತೆಯೇ ಗಟ್ಟಿಯಾಗುತ್ತದೆ. ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ. ಇನ್ಯಾರನ್ನೋ ಹಾಗೆ ಇಪ್ಪತ್ತು ನಿಮಿಷ ಕೂರಿಸಿ, ಎದುರು ನಿಂತು ನಗಿಸಿದನೇ?

"ಹಂಗಾದ್ರೆ ನೀನೇ ಹೋಗಿ ಬಾ ಕಣಮ್ಮ," ಎಂದ ಡೆಸ್ಮಂಡ್. "ಅವನು ಓಡಿಸ್ಲಿ. ಗೇರ್ ಬಾಕ್ಸ್ ಏನಾದ್ರೂ ಗೊಣಗುತ್ತಾ ಕೇಳಿಸ್ಕೊಂಡು ಬಂದು ನಂಗೆ ಹೇಳು."

"ಬೇಡ ಡೆಸ್ಮಂಡ್, ನಾನು..."

"ರೈಲ್ ಟಿಕೆಟ್ ಕೊಡ್ಸಿದ್ದು ಯಾಕೆ ಮತ್ತೆ? ಹೋಗು!"

ಅವಳು ಹೆಲ್ಮೆಟ್ ಹಾಕಿಕೊಂಡು ಅಂಚು ದಾಟಿ ಒಳಗೆ ಜಾರಿದಳು.

ಬೆನ್ನು ತಾನಾಗಿ ಹೋಗಿ ಕೂತಿತು. ಚಿಕ್ಕಂದಿನಲ್ಲಿ ಮುರಿದು ತಗ್ಗಾಗಿದ್ದ ಅವಳ ಎಡ ಭುಜಕ್ಕೆ ಸೀಟೂ ತಗ್ಗಾಗಿತ್ತು. ಬಲ ಸೊಂಟದ ಕೆಳಗೆ ಏನೋ ಗುಳಿ ತಾಕಿತು. ಸೀಟಿನ ಬಟ್ಟೆಯ ಮೇಲಿಂದಲೇ ಬೆರಳಲ್ಲಿ ತಡವಿದಳು. ಉದ್ದನೆಯ ಗೆರೆ, ತುದಿಯಲ್ಲಿ ದುಂಡಗೆ... ಗ್ಯಾರೇಜಿನ ಕೀಲಿಕೈ! ಸೀಟು ಮಾಡಿದ ದಿನ ಅದನ್ನು ಹಿಂಜೇಬಿನಲ್ಲಿ ಮರೆತು ಕೂತಿದ್ದಳು, ನೊರೆಯಲ್ಲಿ ಅದರ ಅಚ್ಚು ಉಳಿದಿತ್ತು. ಅವನು ಅದಕ್ಕೆ ಒಂದು ವಾರ ಗೇಲಿ ಮಾಡಿದ್ದ.

'ನನ್ನ ಸೀಟು... ಇದು ನನ್ನದೇ!'

ಕಾರು ಹೊರಟಿತು. ಗಾಳಿ ಮುಖಕ್ಕೆ ಬಡಿಯಿತು. ಎರಡು ಮೈಲಿ ಓಡಿತು. ಕೊನೆಗೆ ಎಲೆಕೋಸಿನ ಹೊಲದ ಪಕ್ಕ ಅವನೇ ಕಾರು ನಿಲ್ಲಿಸಿ ಎಂಜಿನ್ ಆರಿಸಿದ.

ಅವಳು ಹೆಲ್ಮೆಟ್ ತೆಗೆದಳು. "ಮಾರೋಕೆ ಅಂತ ನನ್ ಸೀಟನ್ನ ಅಟ್ಟದಿಂದ ಇಳಿಸಿದ್ಯಾ? ಒಂದೇ ಸೀಟಿದ್ರೆ ಯಾರೂ ಕೊಳ್ಳಲ್ಲ ಅಂತ?"

"ಅದು ಅಟ್ಟ ಹತ್ತೇ ಇಲ್ಲ ಹೆಸ್." ಈಗ ನೀವು ಇರಲಿಲ್ಲ. "ಭಾನುವಾರ ರೇಸ್ ಮುಗೀತು. ಸೋಮವಾರ ಬೆಳಿಗ್ಗೆ ವಾಪಸ್ ಹಾಕಿದೆ. ಅವತ್ತಿಂದ ಮುಟ್ಟಿಲ್ಲ."

"ಸುಳ್ಳು!"

"ಒಂದು ದಿನಕ್ಕೆ ಅಂತ ತೆಗ್ದಿದ್ದು! ನಾಲ್ಕು ಬೋಲ್ಟು, ಹತ್ತು ನಿಮಿಷದ ಕೆಲ್ಸ. ಕಾರು ಕಟ್ಟಿದವಳು ನೀನು. ನಿಂಗೆ ಗೊತ್ತೇ ಇರುತ್ತೆ ಅನ್ಕೊಂಡೆ."

"ಬೇರೆ ಯಾವ ದಿನ ಆಗಿದ್ರೂ ಗೊತ್ತಾಗ್ತಿತ್ತು. ಅಮ್ಮ ಸತ್ತ ಮಾರನೇ ದಿನ ಗೊತ್ತಾಗ್ಲಿಲ್ಲ ರೋರಿ!" ಅವಳ ದನಿ ಒಡೆಯಿತು. "ಹನ್ನೊಂದು ದಿನ ನೀನು ಬರ್ಲಿಲ್ಲ. ನಾನು ಅಲ್ಲಿ ಅಮ್ಮನ ಉಸಿರು ಎಣಿಸ್ತಿದ್ರೆ ನೀನಿಲ್ಲಿ ಗ್ರಾಂ ಎಣಿಸ್ತಿದ್ದೆ!"

"ನೀನೇ ಫೋನಲ್ಲಿ ಹೇಳಿದ್ದು... 'ನಾನು ಚೆನ್ನಾಗಿದೀನಿ, ನೀನು ಬರೋದೇನೂ ಬೇಡ' ಅಂತ."

"ಹೇಳ್ದೆ! ಎಲ್ಲರೂ ಹಂಗೇ ಹೇಳೋದು! ಬರೋದೇನೂ ಬೇಡ ಅಂದ್ರೆ ಓಡಿ ಬಾ ಅಂತ ಅರ್ಥ ಅಂತ ನಿಮ್ಮಮ್ಮ ನಿಂಗೆ ಹೇಳ್ಕೊಟ್ಟಿಲ್ವಾ?"

ಅವನು ಸ್ಟೀರಿಂಗ್ ಮೇಲೆ ಹಣೆಯಿಟ್ಟ. "ಅಂತ್ಯಕ್ರಿಯೆಗೆ ಬಂದಿದ್ದೆ."

"ಏನು?"

"ಚರ್ಚಿನ ಗೇಟಿನವರೆಗೆ ಬಂದೆ. ನೀನು ಬೇಡ ಅಂದಿದ್ದೆಯಲ್ಲ, ಒಳಗೆ ಹೋದ್ರೆ ನಿಂಗೆ ಕಷ್ಟ ಆಗುತ್ತೇನೋ ಅನ್ನಿಸ್ತು... ವಾಪಸ್ ಹೋದೆ."

"ಗೇಟಿನವರೆಗೆ!" ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಅಪ್ಪಿಕೊಳ್ಳಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡದೆ ಕೇಳಿದಳು, "ಆ ರೇಸಲ್ಲಿ ಎಷ್ಟನೇದು ಬಂದೆ?"

"...ಒಂಬತ್ತನೇದು."

ಅವಳು ನಕ್ಕಳು. ಕಣ್ಣಲ್ಲಿ ನೀರು ಬರುವಂಥ ಕಹಿ ನಗು. ಒಂಬತ್ತನೇ ಸ್ಥಾನಕ್ಕೆ ಏಳು ವರ್ಷ!

"ಈಗ ಯಾಕೆ ಮಾರ್ತಿದ್ದೀಯ?"

"ಪಕ್ಕದಲ್ಲಿ ಖಾಲಿ ಸೀಟು ಇಟ್ಕೊಂಡು ಓಡ್ಸೋಕೆ ಇನ್ನು ನನ್ ಕೈಲಿ ಆಗಲ್ಲ ಹೆಸ್. ಕಿತ್ತು ಹಾಕೋಕೂ ಆಗಲ್ಲ. ಇನ್ನೇನು ಮಾಡ್ಲಿ?"

ಅವಳು ಹೆಲ್ಮೆಟ್ ಮತ್ತೆ ಹಾಕಿಕೊಂಡಳು. ಮಾತು ಚೆನ್ನಾಗಿತ್ತು. ಆದರೆ ಮಾತನ್ನು ಹೇಗೆ ನಂಬುವುದು? ಹೋದ ತಿಂಗಳು ಹಾಕಿದ ಸೀಟಿನ ಮೇಲೆ ಕೂತೂ ಯಾರು ಬೇಕಾದರೂ ಹೀಗೆ ಹೇಳಬಹುದು.

ವಾಪಸ್ ಬಂದಾಗ ಡೆಸ್ಮಂಡ್ ಬಾಗಿಲಲ್ಲೇ ಕಾಯುತ್ತಿದ್ದ. "ಗೊಣಗ್ತಾ?"

"ಗೇರ್ ಬಾಕ್ಸ್ ಚೆನ್ನಾಗಿದೆ," ಎಂದಳು ಹೆಸ್ಟರ್, ಮುಖ ತಿರುಗಿಸಿಕೊಂಡು.

"ಸರಿ ಹಂಗಾದ್ರೆ. ನೀನು ಹೇಳಿದ ರೇಟೇ ಆಗ್ಲಿ. ನಂಗೆ ಚೌಕಾಸಿ ಮಾಡೋ ವಯಸ್ಸಲ್ಲ." ಮುದುಕ ರೋರಿಯತ್ತ ಕೈ ಚಾಚಿದ.

ರೋರಿ ಒಮ್ಮೆ ಅವಳನ್ನು ನೋಡಿದ. ಅವನು ಕೈ ಕುಲುಕಿದ. ಈ ವ್ಯಾಪಾರದಲ್ಲಿ ಕೈ ಕುಲುಕಿದ ಮೇಲೆ ಮುಗಿಯಿತು, ಹಿಂದೆ ಸರಿಯುವಂತಿಲ್ಲ.

"ಆದ್ರೆ ಆ ಎಡಗಡೆ ಸೀಟು ಕೊಡಲ್ಲ," ಎಂದ ರೋರಿ.

"ಏನಂದೆ? ಫೋಟೋದಲ್ಲಿ ಇತ್ತಲ್ಲಯ್ಯಾ! ಇವಳು ಎಲ್ಲಿ ಕೂತು ಬರ್ಬೇಕು, ನನ್ನ ತಲೆ ಮೇಲಾ?"

"ನಾನು ರೈಲಲ್ಲಿ ಬರ್ತೀನಿ ಡೆಸ್ಮಂಡ್," ಎಂದಳು ಹೆಸ್ಟರ್.

ಮುದುಕ ಅವಳ ಒದ್ದೆ ಕಣ್ಣು ನೋಡಿದ. ರೋರಿಯನ್ನು ನೋಡಿದ. ಸೀಟು ನೋಡಿದ. ಅವಳ ಸೊಂಟವನ್ನೂ ಒಮ್ಮೆ ನೋಡಿದ.

"ಓಹೋ... ಇದಾ ವಿಷ್ಯ! ಮೊದ್ಲೇ ಹೇಳ್ಬಾರ್ದಾ? ಟೀ ಎಲ್ಲಿಟ್ಟಿದ್ದೀಯಪ್ಪಾ? ನಾನೇ ಮಾಡ್ಕೋತೀನಿ, ನೀವು ನಿಧಾನಕ್ಕೆ ಬಿಚ್ಚಿ."

ರೋರಿ ಜಾಕ್ ಕೊಟ್ಟು ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ. ಸ್ಪ್ಯಾನರ್ ಹಾಕಿ ತಿರುಗಿಸಿದ. ಬೋಲ್ಟು ಜಪ್ಪಯ್ಯ ಅನ್ನಲಿಲ್ಲ. ಇನ್ನೊಂದು ನೋಡಿದ, ಅದೂ ಅಷ್ಟೇ. ಹೊಸದಿದ್ದಾಗ ಒಬ್ಬನೇ ಬಿಚ್ಚಬಹುದಾಗಿದ್ದ ಬೋಲ್ಟಿಗೆ ಈಗ ಇಬ್ಬರು ಬೇಕಿತ್ತು.

"ಕೆಳಗಿಂದ ಯಾರಾದ್ರೂ ನಟ್ ಹಿಡ್ಕೋಬೇಕು..." ಎಂದ, ಸಂಕೋಚದಿಂದ.

ಹೆಸ್ಟರ್ ಕೋಟು ಕಳಚಿ, ಸ್ಪ್ಯಾನರ್ ತೆಗೆದುಕೊಂಡು ಕಾರಿನ ಕೆಳಗೆ ಮಲಗಿದಳು. ನಟ್ಟಿಗೆ ಸ್ಪ್ಯಾನರ್ ಸಿಕ್ಕಿಸಿದಾಗ ಕೆಂಪು ಪುಡಿ ಅವಳ ಕೆನ್ನೆಯ ಮೇಲೆ ಉದುರಿತು.

ಅವಳು ದಿಟ್ಟಿಸಿ ನೋಡಿದಳು. ನಾಲ್ಕೂ ನಟ್ಟು ತುಕ್ಕು ಹಿಡಿದು ಬೋಲ್ಟಿಗೆ ಕಚ್ಚಿಕೊಂಡಿದ್ದವು. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಪದರ ಪದರವಾಗಿ ತಿಂದ ತುಕ್ಕು. ಹೋದ ತಿಂಗಳು ಹಾಕಿದ್ದಲ್ಲ. ಹೋದ ವರ್ಷದ್ದೂ ಅಲ್ಲ.

ಸೋಮವಾರ ಬೆಳಿಗ್ಗೆ. ಅವಳು ಹೋದ ಎರಡೇ ದಿನಕ್ಕೆ. ಅವನು ನಿಜ ಹೇಳಿದ್ದ!

ಇನ್ನೆರಡು ದಿನ ಇದ್ದಿದ್ದರೆ... ಒಂದು ಮಾತು ಕೇಳಿದ್ದರೆ... ಅವನು ಗೇಟಿನಿಂದ ಹತ್ತು ಹೆಜ್ಜೆ ಮುಂದೆ ಬಂದಿದ್ದರೆ! ಕಾರಿನ ಕೆಳಗೆ, ಯಾರಿಗೂ ಕಾಣದಂತೆ, ಅವಳು ಬಾಯಿಗೆ ಕೈ ಅಡ್ಡ ಇಟ್ಟು ಅತ್ತಳು.

"ಹೆಸ್? ಏನಾಯ್ತು?"

"ತುಕ್ಕು... ಕಣ್ಣಿಗೆ ಬಿತ್ತು. ನಾನು ಚೆನ್ನಾಗಿದೀನಿ."

ಮೇಲೆ ಸ್ಪ್ಯಾನರ್ ನಿಂತಿತು. "ಚೆನ್ನಾಗಿದೀಯಾ?"

"ಇಲ್ಲ," ಎಂದಳು. ಏಳು ವರ್ಷದಲ್ಲಿ ಮೊದಲ ಸಲ. "ಇಲ್ಲ ರೋರಿ. ಒಂದು ದಿನಾನೂ ಚೆನ್ನಾಗಿರ್ಲಿಲ್ಲ."

"ನಾನೂ," ಎಂದ ಅವನು. ಕಾರಿನ ನೆಲದ ತಗಡಿನ ಆಚೆಯಿಂದ ಅವನ ದನಿ ಬಂತು. "ನಿನ್ನನ್ನ ಬಿಟ್ಟು ಬೇರೆ ಯಾರನ್ನೂ ಪ್ರೀತಿಸೋಕೆ ನಂಗೆ ಬರ್ಲಿಲ್ಲ ಹೆಸ್. ನಾನು ಬರಬೇಕಿತ್ತು. ನಿಮ್ಮಮ್ಮನ ಹತ್ರ ಬರಬೇಕಿತ್ತು."

"ಬರಬೇಕಿತ್ತು. ಅದನ್ನ ನಾನು ಮರೆಯಲ್ಲ."

"ಮರೀಬೇಡ."

ಅವನು ಮತ್ತೆ ಬಲ ಹಾಕಿದ. ಅವಳು ಎರಡೂ ಕೈಯಲ್ಲಿ ನಟ್ಟು ಬಿಗಿಯಾಗಿ ಹಿಡಿದಳು. ಕೀಚ್ ಎಂದು ಕೂಗಿ ಮೊದಲ ಬೋಲ್ಟು ಸಡಿಲವಾಯಿತು. ಇನ್ನೂ ಮೂರಿದ್ದವು.

"ಭಾನುವಾರ ಅಮ್ಮನ ಸಮಾಧಿಗೆ ಹೂವಿಡೋಕೆ ಹೋಗ್ತೀನಿ," ಎಂದಳು ಹೆಸ್ಟರ್, ಕೆನ್ನೆಯ ತುಕ್ಕು ಒರೆಸಿಕೊಳ್ಳುತ್ತ. "ನೀನು ಬರೋದೇನೂ ಬೇಡ."

ಮೇಲೆ ಸ್ಪ್ಯಾನರ್ ಕೆಳಗಿಟ್ಟ ಸದ್ದಾಯಿತು.

"ಎಷ್ಟು ಗಂಟೆಗೆ ಹೊರಡ್ತೀಯ?" ಎಂದ ರೋರಿ.

"ಹತ್ತಕ್ಕೆ."

"ಮೊದಲ ರೈಲಿಗೇ ಬರ್ತೀನಿ. ಗೇಟಲ್ಲಿ ನಿಲ್ಲಲ್ಲ ಹೆಸ್... ಒಳಗೇ ಬರ್ತೀನಿ."