ಹನ್ನೊಂದು ಸೆಕೆಂಡಿನ ಹುಡುಗಿ

ಟೀ ಟ್ರೇ ಹಿಡಿದು ಮುಬೀನಾ ಹಾಲಿಗೆ ಬಂದಳು. ಎದುರಿಗೆ ಕೂತಿದ್ದ ಹುಡುಗ ತಲೆ ಎತ್ತಿ ನೋಡಿದವನೇ ಬೆಚ್ಚಿಬಿದ್ದ!

ಅವಳಿಗೆ ಆ ನೋಟ ಹೊಸದಲ್ಲ. ಹಿಂದೆ ನೋಡಲು ಬಂದ ಮೂವರೂ ಹೀಗೇ ನೋಡಿದ್ದರು. ಆಮೇಲೆ ಬಿಸ್ಕತ್ತು ತಿಂದು, ಆರ್.ಟಿ. ನಗರದ ನೀರಿನ ತೊಂದರೆಯ ಬಗ್ಗೆ ಮಾತಾಡಿ, ಫೋನ್ ಮಾಡ್ತೀವಿ ಎಂದು ಹೋಗಿದ್ದರು. ಆ ಫೋನು ಇವತ್ತಿಗೂ ಬಂದಿಲ್ಲ.

'ಟಿವಿ ಹುಡುಗಿ ನಾನೇ ಅಂತ ಗೊತ್ತಾಯ್ತು. ಇವನೂ ಹೊರಡ್ತಾನೆ...'

ಆದರೆ ವಾಜಿದ್ ಹೊರಡಲಿಲ್ಲ. ಟೀ ತಣ್ಣಗಾದರೂ ಲೋಟ ಹಿಡಿದೇ ಕೂತಿದ್ದ. ಹೆಬ್ಬಾಳದಲ್ಲಿ ಸಣ್ಣ ಸ್ಟುಡಿಯೊ ಇದೆ, ಮದುವೆ ವಿಡಿಯೊ ಎಡಿಟಿಂಗ್ ಮಾಡ್ತೀನಿ ಎಂದಷ್ಟೇ ಹೇಳಿದ.

ಸಂಜೆ ಅವನ ಅಮ್ಮ ಫೋನ್ ಮಾಡಿದರು. ಒಪ್ಪಿಗೆಯಂತೆ!

ಮುಬೀನಾ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತಳು.

ನಾಲ್ಕು ವರ್ಷದ ಹಿಂದೆ, ತಲೆವಸ್ತ್ರ ತೆಗೆದರೆ ಮಾತ್ರ ಒಳಗೆ ಎಂದು ಅವಳ ಡಿಗ್ರಿ ಕಾಲೇಜು ಗೇಟಿಗೆ ನೋಟಿಸ್ ಅಂಟಿಸಿತ್ತು. ಅವತ್ತು ಪರೀಕ್ಷೆ. ಗೇಟಿನಲ್ಲಿ ಹತ್ತು ನಿಮಿಷ ನಿಂತು ತನ್ನೊಂದಿಗೇ ಜಗಳವಾಡಿ, ಕೊನೆಗೆ ಪಿನ್ನು ಬಿಚ್ಚಿದಳು. ಆಗಲೇ ಕ್ಯಾಮೆರಾ ಮುಖದ ಹತ್ತಿರ ಬಂತು. ಮೈಕು ಹಿಡಿದವರು ದಾರಿ ಬಿಡಲಿಲ್ಲ. ಅವರನ್ನು ತಳ್ಳಿಕೊಂಡು ಹೋಗುವಷ್ಟರಲ್ಲಿ ಹೊತ್ತು ಮೀರಿ ಗೇಟು ಮುಚ್ಚಿತ್ತು. ವಸ್ತ್ರ ತೆಗೆದದ್ದೂ ಆಯಿತು, ಪರೀಕ್ಷೆಯೂ ಹೋಯಿತು.

ಟಿವಿಯಲ್ಲಿ ಬಂದದ್ದೇ ಬೇರೆ. ಅವಳು ವಸ್ತ್ರ ತೆಗೆಯುತ್ತಾಳೆ, ಮರುಕ್ಷಣ ಅದೇ ಯೂನಿಫಾರ್ಮ್ ತೊಟ್ಟ ಯಾರದೋ ಬೆನ್ನು ಗೇಟು ದಾಟಿ ಒಳಗೆ ಹೋಗುತ್ತದೆ. ಒಟ್ಟು ಹನ್ನೊಂದು ಸೆಕೆಂಡು.

'ನೋಡಿ, ಬಿಡುಗಡೆಯಾದ ಹೆಣ್ಣುಮಗಳು!' ಎಂದು ಚರ್ಚೆಗೆ ಕೂತ ಒಂದು ಪಕ್ಷದವರು ಬೀಗಿದರು. 'ಹೆದರಿ ಬಿಟ್ಟುಕೊಟ್ಟಳು, ಪಾಪ!' ಎಂದು ಇನ್ನೊಬ್ಬರು ಕಣ್ಣೊರೆಸಿಕೊಂಡರು. ಆ ಪಾಪದವಳ ಹೆಸರೇನು ಎಂದು ಒಬ್ಬರೂ ಕೇಳಲಿಲ್ಲ. ಚುನಾವಣೆ ಬಂದಾಗ, ಕೋರ್ಟಿನ ಸುದ್ದಿ ಬಂದಾಗ, ಬೇರೇನೂ ಸುದ್ದಿ ಇಲ್ಲದಾಗಲೂ ಅದೇ ತುಣುಕು, ಅದೇ ಮುಖ.

ಯಶವಂತಪುರದಲ್ಲಿ ಹಾಸಿಗೆ ಅಂಗಡಿ ಇಟ್ಟಿರುವ ಅವಳ ಅಬ್ಬಾ ವಹಾಬ್, ವಸ್ತ್ರ ತೆಗೆದದ್ದನ್ನು ಹೇಗೋ ನುಂಗಿಕೊಂಡರು. ಓದಿಗೋಸ್ಕರ ತಾನೇ ಎಂದುಕೊಂಡರು. ಆದರೆ ಅಂಕಪಟ್ಟಿಯಲ್ಲಿ ಗೈರುಹಾಜರು ಎಂದಿತ್ತು!

"ನೀನು ಒಳಗೆ ಹೋಗಿದ್ದನ್ನ ಊರೆಲ್ಲಾ ನೋಡಿದೆ. ಪರೀಕ್ಷೆ ಬರೀಲಿಲ್ಲ ಅಂದ್ರೆ, ಮೂರು ಗಂಟೆ ಯಾರ ಜೊತೆ ಇದ್ದೆ?"

"ಗೇಟ್ ಹಾಕ್ಬಿಟ್ರು ಅಬ್ಬಾ... ನಾನು ಒಳಗೆ ಹೋಗಲೇ ಇಲ್ಲ..."

"ಮತ್ತೆ ಟಿವೀಲಿ ಬಂದಿದ್ದು ಸುಳ್ಳಾ?"

ಕಾಲೇಜು ಅವತ್ತೇ ನಿಂತಿತು. ಮಾತೂ ನಿಂತಿತು. ಊಟ ಹಾಕು, ಬಾಗಿಲು ಹಾಕು, ಇಷ್ಟೇ. ಈಗ ಅವಳು ಸಹಕಾರನಗರದ ರಕ್ತಪರೀಕ್ಷೆ ಲ್ಯಾಬಿನ ಕೌಂಟರಿನಲ್ಲಿ ಕೂರುತ್ತಾಳೆ. ಮನೆಯಲ್ಲಿ ಯಾರಿಗೂ ಹೇಳದೆ ದೂರಶಿಕ್ಷಣಕ್ಕೆ ಸೇರಿದ್ದಾಳೆ.

ಒಪ್ಪಿಗೆಯಾದ ಮೇಲೆ ಮಧ್ಯಾಹ್ನ ಊಟದ ಹೊತ್ತಿಗೆ ವಾಜಿದ್ ಲ್ಯಾಬಿನ ಹತ್ತಿರದ ಪಾರ್ಕಿಗೆ ಬರತೊಡಗಿದ. ಕಡಲೆಕಾಯಿ ತರುತ್ತಿದ್ದ, ಸಿಪ್ಪೆ ತಾನೇ ಸುಲಿದು ಕೊಡುತ್ತಿದ್ದ. ಟಿವಿಯ ಮಾತು ಒಮ್ಮೆಯೂ ಎತ್ತಲಿಲ್ಲ. ಅಷ್ಟಕ್ಕೇ ಅವಳು ಅವನಿಗೆ ಸೋತುಹೋದಳು. ಹುಚ್ಚು ಹುಡುಗಿ!

ಒಂದು ದಿನ ಗಾಳಿಗೆ ಅವಳ ಸ್ಕಾರ್ಫ್ ಜಾರಿತು. ಪಿನ್ನು ಸರಿಮಾಡಿಕೊಳ್ಳುವಾಗ ಅವನು ಥಟ್ಟನೆ ಅಂದ, "ನಿಧಾನ... ಅವತ್ತಿನ ಥರ ಚುಚ್ಕೋಬೇಡಿ. ಎಷ್ಟು ಹೊತ್ತು ಬೆರಳು ಬಾಯಲ್ಲಿಟ್ಕೊಂಡಿದ್ರಿ..."

ಅವಳ ಕೈ ಅಲ್ಲೇ ನಿಂತಿತು. ಪಿನ್ನು ಚುಚ್ಚಿದ್ದು ಟಿವಿಯಲ್ಲಿ ಬಂದಿರಲಿಲ್ಲ. ಅಮ್ಮಿಗೂ ಅದನ್ನು ಹೇಳಿರಲಿಲ್ಲ.

"ನಿಮಗೆ ಹೇಗೆ ಗೊತ್ತು?"

ಅವನು ತಲೆ ತಗ್ಗಿಸಿದ.

"ಹೇಳಿ ವಾಜಿದ್! ಹೇಗೆ ಗೊತ್ತು?"

"ಆಗ ನಾನು ಚಾನೆಲ್‌ನಲ್ಲಿದ್ದೆ. ಅದನ್ನ ಎಡಿಟ್ ಮಾಡಿದ್ದು... ನಾನೇ."

"ಆ ಬೆನ್ನು?"

"ಬೇರೆ ಹುಡುಗೀದು. ಜೋಡಿಸಿದ್ದೂ ನಾನೇ. ತೆಗೆದ್ಲು, ಒಳಗೆ ಹೋದ್ಲು, ಅಷ್ಟೇ ಸಾಕು ಅಂದ್ರು. ನಾನು ಸೇರಿ ಮೂರು ವಾರ ಆಗಿತ್ತು. ಆ ರೂಮಲ್ಲಿ ಮುಸ್ಲಿಂ ಅಂತ ಇದ್ದಿದ್ದು ನಾನೊಬ್ನೇ. ಬಾಯಿ ಬಿಟ್ರೆ ಮೊದ್ಲು ನನ್ನ ಹೆಸರು ನೋಡ್ತಾರೆ ಅಂತ ಭಯ..."

"ನಿಮ್ಮ ಭಯಕ್ಕೆ ನನ್ನ ನಾಲ್ಕು ವರ್ಷ ಹೋಯ್ತು! ಹೆತ್ತ ಅಬ್ಬಾನೇ ನನ್ನ ನಡತೆ ಮೇಲೆ ಅನುಮಾನ ಪಟ್ರು, ಗೊತ್ತಾ?" ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡಳು. "ಈ ಒಪ್ಪಿಗೆ ಯಾಕೆ? ಪಾಪ ತೊಳ್ಕೊಳ್ಳೋಕಾ?"

ಅವನು ಕಾಲಡಿಯ ಕಡಲೆಕಾಯಿ ಸಿಪ್ಪೆಯನ್ನೇ ನೋಡುತ್ತಾ ಕೂತ.

ಮುಬೀನಾ ಎದ್ದು ಹೋದಳು. ಅವನ ನಂಬರ್ ಬ್ಲಾಕ್ ಮಾಡಿದಳು. 'ಇವನೊಬ್ಬ ಬೇರೆ ಅಂದ್ಕೊಂಡೆನಲ್ಲಾ...' ಎಂದು ವಾರವಿಡೀ ತನ್ನನ್ನೇ ಬೈದುಕೊಂಡಳು.

ಶುಕ್ರವಾರ ನಮಾಜ್ ಮುಗಿಸಿ ಅಬ್ಬಾ ಊಟಕ್ಕೆ ಕೂರುವ ಹೊತ್ತಿಗೆ ವಾಜಿದ್ ಲ್ಯಾಪ್‌ಟಾಪ್ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಚಾಚಾ, ನಾಲ್ಕು ನಿಮಿಷ ಇದನ್ನ ನೋಡಿ. ಆಮೇಲೆ ಬೇಕಾದ್ರೆ ಹೊಡೀರಿ ನನ್ನ." ಆ ಹನ್ನೊಂದು ಸೆಕೆಂಡನ್ನು ಜೋಡಿಸಿದ್ದು ತಾನೇ ಎಂದು ನಿಂತಲ್ಲೇ ಒಪ್ಪಿಕೊಂಡ. ಚಾನೆಲ್ ಬಿಡುವಾಗ ಪೂರ್ತಿ ವಿಡಿಯೊ ಪೆನ್‌ಡ್ರೈವಿನಲ್ಲಿ ತಂದಿದ್ದನಂತೆ.

ಪರದೆಯ ಮೇಲೆ ಮುಬೀನಾ ಪಿನ್ನು ಬಿಚ್ಚಿದಳು. ಬೆರಳು ಬಾಯಿಗೆ ಹೋಯಿತು. ವಸ್ತ್ರ ಮಡಚಿ ಬ್ಯಾಗಿಗೆ ತುರುಕಿ, ಅಡ್ಡ ಬಂದ ಮೈಕುಗಳನ್ನು ತಳ್ಳಿಕೊಂಡು ಓಡಿದಳು. ಗೇಟು ಮುಚ್ಚಿತು. ಆಮೇಲೆ ಕೇಳಿಸಿದ್ದು ಕಬ್ಬಿಣಕ್ಕೆ ಕೈ ಬಡಿಯುವ ಸದ್ದು, ಅವಳ ಅಳು... "ತೆಗ್ದಿದ್ದೀನಲ್ಲಾ ಸರ್! ಬಿಡಿ ಸರ್... ತೆಗ್ದಿದ್ದೀನಲ್ಲಾ..."

ಅಮ್ಮಿ ಸೆರಗು ಬಾಯಿಗೆ ಒತ್ತಿಕೊಂಡರು. ವಹಾಬ್ ಮುಂದಿದ್ದ ತಟ್ಟೆ ಹಾಗೇ ಇತ್ತು.

"ಬೇಟಿ..." ನಾಲ್ಕು ವರ್ಷದ ಮೇಲೆ ಆ ಮಾತು ಅವರ ಬಾಯಿಂದ ಬಂತು. "ನನ್ನಿಂದ ತಪ್ಪಾಯ್ತು ಬೇಟಿ..."

ಈ ಒಂದು ಮಾತಿಗಾಗಿ ಎಷ್ಟು ದುಆ ಮಾಡಿದ್ದಳು! ಈಗ ಬಂದರೆ ಎದೆಯಲ್ಲಿ ಕಹಿ ಬಿಟ್ಟು ಬೇರೇನೂ ಇಲ್ಲ.

"ಅವತ್ತು ನಾನು ಹೇಳಿದ್ದೂ ಇದನ್ನೇ, ಅಬ್ಬಾ. ನೀವು ಟಿವೀನ ನಂಬಿದ್ರಿ. ಇವತ್ತೂ ನಂಬಿದ್ದು ನನ್ನನ್ನಲ್ಲ. ಇದನ್ನೇ ಅಲ್ವಾ?" ಲ್ಯಾಪ್‌ಟಾಪಿನತ್ತ ಕೈ ತೋರಿಸಿದಳು.

ವಹಾಬ್ ಪರದೆಯಿಂದ ಕಣ್ಣು ಕಿತ್ತು ತಟ್ಟೆಯ ಕಡೆ ತಿರುಗಿದರು. ಮುದುಕರಾಗಿಬಿಟ್ಟಿದ್ದಾರೆ ಎಂದು ಅವಳಿಗೆ ಆಗಲೇ ಕಂಡಿತು. ತಟ್ಟೆಗೆ ಅನ್ನ ಬಡಿಸಿ, ಲ್ಯಾಪ್‌ಟಾಪ್ ಮಡಚಿಕೊಂಡು ಮೆಟ್ಟಿಲಿಳಿಯುತ್ತಿದ್ದ ವಾಜಿದ್‌ನ ಹಿಂದೆ ಹೋದಳು.

"ನಿಂತ್ಕೊಳ್ಳಿ."

ಅವನು ತಿರುಗಿದ. ಕಣ್ಣು ಕೆಂಪಾಗಿತ್ತು.

"ಪಾರ್ಕಲ್ಲಿ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ ನೀವು."

"ಪಾಪ ತೊಳ್ಕೊಳ್ಳೋಕೇ ಒಪ್ಪಿದ್ದು, ಮುಬೀನಾ. ಸುಳ್ಳು ಹೇಳಲ್ಲ. ಆದ್ರೆ ದಿನಾ ಪಾರ್ಕಿಗೆ ಬಂದಿದ್ದು... ನೀವಿಲ್ದೆ ಮಧ್ಯಾಹ್ನ ಕಳೀತಿರ್ಲಿಲ್ಲ, ಅದಕ್ಕೆ. ನಂಗೆ ನೀವು ಬೇಕು. ಕ್ಷಮಿಸಿ ಅಂತ ಕೇಳಲ್ಲ."

"ಕೇಳಿದ್ರೂ ಕ್ಷಮಿಸಲ್ಲ. ಇವತ್ತಂತೂ ಇಲ್ಲ." ಅವಳು ಕಣ್ಣೊರೆಸಿಕೊಂಡಳು. "ನಾಳೆಯೂ ಅದೇ ತುಣುಕು ಹಾಕ್ತಾರೆ, ಅಲ್ವಾ?"

"ಹಾಕ್ತಾರೆ. ಅದನ್ನ ತಡೆಯೋ ಶಕ್ತಿ ನಂಗಿಲ್ಲ."

"ನೀವು ಈ ಪೂರ್ತಿದನ್ನ ಎಷ್ಟು ಸಲ ನೋಡಿದ್ದೀರಿ?"

"ಲೆಕ್ಕ ಇಲ್ಲ..."

ಅವಳು ಕೈ ಚಾಚಿದಳು. ಅವನು ಪೆನ್‌ಡ್ರೈವ್ ಇಟ್ಟ. ಮುಬೀನಾ ಮುಷ್ಟಿ ಬಿಗಿದಳು.

"ಇನ್ಮೇಲೆ ನನ್ನ ಮುಖ ನೋಡ್ಬೇಕು ಅಂದ್ರೆ ಇಲ್ಲಿಗೇ ಬನ್ನಿ."

"ಯಾವಾಗ?"

"ಭಾನುವಾರ ಯಲಹಂಕದಲ್ಲಿ ನಂಗೆ ಪರೀಕ್ಷೆ ಇದೆ. ಅಲ್ಲಿ ತಲೆ ನೋಡಲ್ಲ, ಹಾಲ್‌ಟಿಕೆಟ್ ನೋಡ್ತಾರೆ." ಅವಳು ಸ್ಕಾರ್ಫ್ ಸರಿಮಾಡಿಕೊಂಡಳು. "ಗೇಟ್ ತನಕ ಬಿಟ್ಟುಬರ್ತೀರಾ?"

"ಹತ್ತು ಗಂಟೆಗಾ?"

"ಪರೀಕ್ಷೆ ಹತ್ತಕ್ಕೆ. ನೀವು ಏಳಕ್ಕೇ ಬನ್ನಿ."

"ಆರಕ್ಕೇ ಬರ್ತೀನಿ, ಮುಬೀನಾ. ನೀವು ಒಳಗೆ ಹೋಗೋ ತನಕ ಅಲ್ಲೇ ನಿಂತಿರ್ತೀನಿ."