ಆ ಸೂಪ್ ಮುಟ್ಟಬ್ಯಾಡ್ರಿ

"ಆ ಸೂಪ್ ಮುಟ್ಟಬ್ಯಾಡ್ರಿ!"

ಬಾಯಿಗೆ ಹೋಗುತ್ತಿದ್ದ ಚಮಚ ಅಲ್ಲೇ ನಿಂತಿತು. ವಿಜಯಶ್ರೀ ತಲೆಯೆತ್ತಿದಳು. ಫೋಟೋದಲ್ಲಿ ನೋಡಿದ ಮುಖವೇ... ಗುರುಸಿದ್ದ! ಮೀನಾ ಅಬ್ದುಲ್ಲಾ ಎಂಬ ಊರಿನ ತೈಲ ರಿಫೈನರಿಯಲ್ಲಿ ಟೆಕ್ನಿಷಿಯನ್. ಏದುಸಿರು ಬಿಡುತ್ತಿದ್ದ.

ಹೆಣ್ಣು ನೋಡಲು ಬಂದವನ ಮೊದಲ ಮಾತು ಇದೇನಾ?

"ಯಾಕ್ರಿ?"

"ಎದುರಿನ ಹೋಟೆಲಿಗೆ ಹೋಗೂಣು, ಏಳ್ರಿ."

ಅರಬ್ ನಾಡಿನ ಮಿರ್ಕಾಬ್ ಪೇಟೆಯ ಆ ಓಣಿಯಲ್ಲಿ ಚೈನೀಸ್ ಹೋಟೆಲುಗಳು ಎರಡು, ಎದುರುಬದುರು. ಒಂದಕ್ಕೆ ಕೆಂಪು ಲಾಟೀನು, ಇನ್ನೊಂದಕ್ಕೆ ಹಸಿರು ಬೋರ್ಡು. ವಾರದ ರಜೆ ಶುಕ್ರವಾರ ಬಂತೆಂದರೆ ಎರಡರ ಮುಂದೆಯೂ ಸಾಲೋ ಸಾಲು. ಇಲ್ಲೇ ಆಫೀಸಿನಲ್ಲಿ ಕೆಲಸ ಮಾಡುವ ವಿಜಯಶ್ರೀ ಕೆಂಪು ಲಾಟೀನಿನ ಪಕ್ಷದವಳು. ಎರಡು ವರ್ಷದಿಂದ ಪ್ರತಿ ಶುಕ್ರವಾರ ಇದೇ ಮೂಲೆ, ಇದೇ ವೆಜ್ ಸೂಪ್. ಫೋನಿನಲ್ಲಿ ಅದನ್ನು ಹೊಗಳಿಯೇ ಇವನನ್ನು ಕರೆದಿದ್ದಳು.

"ಕಾರಣ ಹೇಳ್ರಿ, ಬರ್ತೀನಿ."

ಅವನು ಬಾಯಿ ತೆರೆದ. ಅವಳ ಕೊರಳಿನ ಲಿಂಗದ ಕರಡಿಗೆಯ ಮೇಲೆ ಕಣ್ಣು ಬಿತ್ತು. ಬಾಯಿ ಮುಚ್ಚಿದ.

"ಕಾರಣ ಏನಿಲ್ರಿ... ಅಲ್ಲಿ ಚೊಲೋ ಇರತದ, ಅಷ್ಟ."

ಅಷ್ಟೇನಾ! ಇನ್ನೂ ಕೂತೇ ಇಲ್ಲ, ಆಗಲೇ ದರ್ಬಾರು! ಇಂದು ಸೂಪು, ನಾಳೆ ಸೀರೆ, ನಾಡಿದ್ದು ನೌಕರಿ... ಸಂಜೆಯೊಳಗೆ ಹೂಂ ಇಲ್ಲವೇ ಊಹೂಂ ಹೇಳೆಂದು ಗದಗಿನಲ್ಲಿ ಅವ್ವ ನೀಲವ್ವ ಫೋನು ಹಿಡಿದು ಕಾಯುತ್ತಿದ್ದಾಳೆ. ಊಹೂಂ ಎನ್ನಲು ಇನ್ನೇನು ಬೇಕು? ಆದರೆ ಹದಿನೈದು ದಿನದ ಫೋನಿನ ಮಾತಿನಲ್ಲೇ ಅವನು ಹಿಡಿಸಿಬಿಟ್ಟಿದ್ದ.

"ನೀವು ಹೋಗ್ರಿ. ನಾ ಬರಂಗಿಲ್ಲ."

ಗುರುಸಿದ್ದ ಅವಳ ಮುಂದಿನ ಬಟ್ಟಲನ್ನೇ ಎತ್ತಿ ಕೌಂಟರಿನ ಮೇಲಿಟ್ಟು ಹೊರನಡೆದ!

ವಿಜಯಶ್ರೀ ಹಟಕ್ಕೆ ಬಿದ್ದು ಇನ್ನೊಂದು ಸೂಪ್ ಕೇಳಿದಳು. ಬಡಿಸುವ ಸೂಸನ್ ಉಡುಪಿ ಕಡೆಯವಳು. ಸೂಪ್ ತರಲಿಲ್ಲ, ಬರಿಗೈಯಲ್ಲಿ ಬಂದಳು.

"ಬೇಡ ಮಾರಾಯ್ರೆ. ಅವರು ಅಡುಗೆಯವನ ಹತ್ರ ವಿಚಾರಿಸಿಯೇ ನಿಮ್ಮ ಹತ್ರ ಓಡಿಬಂದದ್ದು. ವೆಜ್ ಸೂಪಿಗೂ ಕೋಳಿ ಬೇಯಿಸಿದ ನೀರೇ ಹಾಕುವುದಂತೆ. ನನಗೂ ಗೊತ್ತಿರಲಿಲ್ಲ, ದೇವರಾಣೆ! ನಿಮಗೆ ಹೇಳಬೇಡಿ ಅಂದಿದ್ರು. ಆದ್ರೆ ಗೊತ್ತಿದ್ದೂ ನಾನು ಹೇಗೆ ತಂದುಕೊಡುವುದು?"

ಎರಡು ವರ್ಷ! ಪೂಜೆ ಮುಗಿಸಿ ಬಂದು ಉಂಡಿದ್ದು ಇದನ್ನೇ! ಕೈ ಕರಡಿಗೆಯನ್ನು ಬಿಗಿಯಾಗಿ ಹಿಡಿಯಿತು, ಕಣ್ಣೀರು ದಳದಳ ಇಳಿಯಿತು. ಅತ್ತು ಮುಗಿದ ಮೇಲೆ ಸಿಟ್ಟು ಬಂತು, ಬೇರೆಯದೇ ಸಿಟ್ಟು. ಎದ್ದು ರಸ್ತೆ ದಾಟಿದಳು.

ಹಸಿರು ಬೋರ್ಡಿನ ಕೆಳಗೆ ಗುರುಸಿದ್ದ ಇನ್ನೂ ಸಾಲಿನಲ್ಲೇ ಇದ್ದ.

"ಒಬ್ಬರ ನಿಂತೀರೇನು?"

"ಇಬ್ಬರಿಗೆ ಜಾಗ ಹೇಳೀನ್ರಿ... ಬಂದ್ರ ಇರಲಿ ಅಂತ. ಇಲ್ಲಿ ವೆಜ್‌ಗೆ ಬಾಣಲೀನೂ ಬ್ಯಾರೆ ಅದ, ಕೇಳೀನಿ."

"ನನಗ್ಯಾಕ ಹೇಳಲಿಲ್ಲ?"

"ನಿಮ್ಮ ಜೀವ ಮರುಗತದಂತ ಸುಮ್ಮನಾದೆ. ನನ್ನ ಬೈದ್ರೂ ಚಿಂತಿಲ್ಲ..."

"ಮರುಗೋದು ನನ್ನ ಜೀವ ಅಲ್ಲೇನ್ರಿ? ಮರುಗಲಿ! ಮುಚ್ಚಿಡೋರ ಜೋಡಿ ಸಂಸಾರ ಮಾಡಾಕ ನನಗ ಬರಂಗಿಲ್ಲ."

ಅವನ ತಲೆ ತಗ್ಗಿತು.

"ಹಂಗಾರ ಇನ್ನೊಂದು ಕೇಳ್ರಿ. ಇಲ್ಲಿಗೆ ಬಂದ ಮೊದಲನೇ ವರ್ಷ ಕ್ಯಾಂಪಿನ ಮೆಸ್ಸಿನ್ಯಾಗ ದಿನಾ ಬಿರಿಯಾನಿ. ಮಾಂಸದ ತುಂಡು ತಗದಿಟ್ಟು ಅನ್ನ ಉಂಡೀನಿ... ಹಸಿವು ತಡೀಲಿಲ್ರಿ. ನಮ್ಮವ್ವಗ ಇವತ್ತಿಗೂ ಹೇಳಿಲ್ಲ. ನೀವು ಬ್ಯಾಡ ಅಂದ್ರೂ ನನಗ..."

ವಿಜಯಶ್ರೀಯ ಕರುಳು ಚುರುಕ್ಕೆಂದಿತು. ಅನ್ನದ ಮುಂದೆ ಒಬ್ಬನೇ ಕೂತು ಎಷ್ಟು ಅತ್ತಿದ್ದಾನೋ! ಹೆತ್ತವ್ವನಿಗೂ ಹೇಳದ್ದನ್ನು ಇವತ್ತು ತನ್ನ ಮುಂದೆ ಬಿಚ್ಚಿಟ್ಟನಲ್ಲ... ಅದೂ ತಾನು ಊಹೂಂ ಅಂದುಬಿಡಬಹುದೆಂದು ಗೊತ್ತಿದ್ದೂ!

ಅವನೆದುರೇ ಫೋನು ಹಚ್ಚಿದಳು.

"ಅವ್ವಾ... ಅವರ ಮನಿಯವರಿಗೆ ಹೂಂ ಅಂತ ಹೇಳಿಬಿಡು."

ಗುರುಸಿದ್ದ ಬೆಪ್ಪಾಗಿ ನೋಡಿದ.

"ಎಲ್ಲಾ ಕೇಳಿದ ಮ್ಯಾಲೂನ್ರಿ?"

"ಕೇಳಿದ್ದಕ್ಕ ಹೂಂ ಅಂದಿದ್ದು. ಸ್ವಲ್ಪ ಸರೀರಿ, ನಿಮ್ಮ ಜೋಡಿ ನಾನೂ ನಿಂದರತೀನಿ."