ಹಾಳೆಯ ಹಿಂಬದಿ

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಆ ಹಾಳೆ ಈಗಲೂ ನನ್ನ ಸೋದರತ್ತೆಯ ಬೀರುವಿನಲ್ಲಿದೆ.

ರಸ್ತೆ ಅಗಲ ಮಾಡುವಾಗ ಸ್ಮಶಾನದ ಗೋರಿಕಲ್ಲುಗಳನ್ನೆಲ್ಲ ಕಿತ್ತು ಹಾಕಿದ್ದರು, ಕಂಡಕಂಡವರು ಹೊತ್ತೊಯ್ದಿದ್ದರು. ನಮ್ಮ ಮುತ್ತಜ್ಜನ ಕಲ್ಲು ಒಬ್ಬ ಬಡಗಿಯ ಅಂಗಡಿಯಲ್ಲಿ, ಮೆಟ್ಟಿಲ ಕೆಳಗಿನ ಗೂಡಿಗೆ ನೆಲಹಾಸಾಗಿತ್ತು. ವಂಶವೃಕ್ಷ ಬರೆಯುತ್ತಿದ್ದ ಅತ್ತೆ ನನಗೆ ದುಂಬಾಲು ಬಿದ್ದರು.

"ಅವರು ಹುಟ್ಟಿದ ವರ್ಷ ಇನ್ನೆಲ್ಲೂ ಸಿಗಲ್ಲ ಕಣೋ. ಹಾಳೆ ಹಾಸಿ ಇದ್ದಿಲು ಉಜ್ಜು, ಅಕ್ಷರ ಮೂಡುತ್ತೆ."

ಮಟಮಟ ಮಧ್ಯಾಹ್ನ ಹೋದೆ. ಗೂಡಿನಲ್ಲಿ ಕೂರಲೂ ಜಾಗವಿರಲಿಲ್ಲ.

"ಮಲಗೇ ಉಜ್ಜಬೇಕು ಸ್ವಾಮಿ, ನಿಮ್ಮ ಮುತ್ತಜ್ಜ ಮಲಗಿದ ಹಾಗೆ," ಎಂದು ನಕ್ಕು ಬಡಗಿ ಗರಗಸಕ್ಕೆ ಹೋದ.

ಹಾಳೆಯ ಮೇಲೇ ಬೋರಲು ಮಲಗಿ ಉಜ್ಜಿದೆ. ಹೆಸರು ಮೂಡಿತು, ವರ್ಷವೂ ಮೂಡಿತು. ಅಷ್ಟರಲ್ಲಿ ಗೂಡಿನ ಬಾಗಿಲು ಮುಚ್ಚಿಕೊಂಡಿತು. ಕಾಲಲ್ಲಿ ಒದ್ದರೂ ಜಗ್ಗಲಿಲ್ಲ. ಕೂಗಿದ್ದು ಗರಗಸದ ಸದ್ದಿನಲ್ಲಿ ಮುಳುಗಿಹೋಯಿತು.

ನನ್ನ ಕೈ ನಿಂತಿತ್ತು, ಆದರೆ ಉಜ್ಜುವ ಸದ್ದು ನಿಂತಿರಲಿಲ್ಲ. ಹೊಟ್ಟೆಯ ಕೆಳಗಿನ ಕಲ್ಲು ಮೈಯಷ್ಟೇ ಬೆಚ್ಚಗಿತ್ತು. ಹೊರಳೋಣವೆಂದರೆ ಬೆನ್ನಿಗೆ ಮೆಟ್ಟಿಲು ಒತ್ತುತ್ತಿತ್ತು. ಆ ಸದ್ದು ನನ್ನ ಎದೆಯ ಕೆಳಗೆ ಎಡದಿಂದ ಬಲಕ್ಕೆ, ಒಂದಂಗುಲವೂ ಬಿಡದೆ, ನಿಧಾನವಾಗಿ ಸಾಗಿತು. ಅದು ಮುಗಿದ ಮೇಲೆಯೇ ಬಾಗಿಲು ತೆರೆದುಕೊಂಡಿತು.

ಅತ್ತೆ ಹಿಗ್ಗಿಹೋಗಿ ವರ್ಷ ಬರೆದುಕೊಂಡರು. ಆಮೇಲೆ ಹಾಳೆಯನ್ನು ಮಗುಚಿದರು. ಕಲ್ಲಿಗೆ ತಾಗಿದ್ದ ಬದಿಗೂ ಯಾರೋ ಇದ್ದಿಲು ಉಜ್ಜಿದ್ದರು. ಅಲ್ಲಿ ಸಾಲಾಗಿ ನಾಲ್ಕು ಅಂಗಿಯ ಗುಂಡಿ ಮೂಡಿದ್ದವು, ಮೂರನೆಯದು ಅರ್ಧ ಒಡೆದದ್ದು. ಗುಂಡಿಗಳ ಆಚೀಚೆ, ಎಣಿಸಬಹುದಾದಷ್ಟು ಸ್ಪಷ್ಟವಾಗಿ, ಪಕ್ಕೆಲುಬುಗಳು.

"ಇದು ಯಾರದೋ?" ಅತ್ತೆ ಪೆನ್ನು ಹಿಡಿದೇ ಕೇಳಿದರು.

ನಾನು ಅಂಗಿಯ ಮೂರನೆಯ ಗುಂಡಿಯನ್ನು ಕೈಯಿಂದ ಮುಚ್ಚಿಕೊಂಡೆ.